ಮರದ ಮೇಡಂ ಪರ್ಮನೆಂಟಾ?

ಅರಣ್ಯಶಾಸ್ತ್ರ ಪಾಠ ಮಾಡುವವರನ್ನು ನಗೆಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಸಂಬಳದ ಬಗ್ಗೆ ಹಾಗೆ ಹೇಳಲಾರೆ. ಹನ್ನೊಂದು ವರ್ಷದಿಂದ ನಾನು ಒಂದು ವಿಶ್ವವಿದ್ಯಾಲಯದಲ್ಲಿ ಮರ, ಕಾಡು, ವನ್ಯಜೀವಿ ಸಂರಕ್ಷಣೆ ಕಲಿಸುವ ಅತಿಥಿ ಉಪನ್ಯಾಸಕಿ. ಪರೀಕ್ಷೆ ಮುಗಿದ ದಿನವೇ ನನ್ನ ಕೆಲಸವೂ ಮುಗಿಯುತ್ತದೆ. ಆಮೇಲೆ ನನ್ನದೇ ಕೆಲಸಕ್ಕೆ ನಾನೇ ಹೊಸದಾಗಿ ಅರ್ಜಿ ಹಾಕಿ, ಸಂದರ್ಶನಕ್ಕೆ ಹೋಗಿ, ಪಾಸಾದರೆ ಇನ್ನು ಹತ್ತು ತಿಂಗಳು. ಕಡೂರಿನಲ್ಲಿ ನಮ್ಮ ಯಜಮಾನರಿಗೆ ಬೋರ್‌ವೆಲ್ ಮೋಟಾರು ವೈಂಡಿಂಗ್ ಅಂಗಡಿ ಇದೆ, ಮನೆ ಅದರಲ್ಲಿ ನಡೆಯುತ್ತದೆ. ಬಿಟ್ಟುಬಿಡು ಎಂದು ಹೇಳದವರಿಲ್ಲ. ನನಗೆ ಮನಸ್ಸಿಲ್ಲ. ಪ್ರತಿ ವರ್ಷ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಕಾಣುವವರೆಗೆ ನನಗೆ ಊಟ ಸೇರುವುದಿಲ್ಲ, ಅದು ಬೇರೆ ವಿಷಯ.

ಕೋತಿ ಪ್ರಾಕ್ಟಿಕಲ್

ನಮ್ಮ ಬೀದಿಯಲ್ಲಿ ನನಗೆ ಮರದ ಮೇಡಂ ಎಂದೇ ಹೆಸರು. ಕಾಡಿನ ಪಾಠ ಮಾಡುವವರಿಗೂ ಕಾಡು ಕಾಯುವ ಇಲಾಖೆಗೂ ವ್ಯತ್ಯಾಸವಿದೆ ಎಂದು ಯಾರಿಗೂ ಅನಿಸಿಲ್ಲ. ಮನೆಯ ಮುಂದಿನ ಹೊಂಗೆಮರ ಕಡಿಯಲು ಪರ್ಮಿಷನ್, ಹಂಚಿನ ಸಂದಿಯಲ್ಲಿ ಕೂತ ಹಾವು, ಎಲ್ಲವೂ ನನ್ನ ಬಾಗಿಲಿಗೇ ಬರುತ್ತವೆ.

ಒಂದು ಭಾನುವಾರ ಪಂಚನಹಳ್ಳಿ ಕಡೆಯ ಹಿರಿಯರೊಬ್ಬರು ಮೋಟಾರು ರಿಪೇರಿಗೆ ಕೊಟ್ಟು, ಅಂಗಡಿಯಿಂದ ಸೀದಾ ಮನೆಗೆ ಬಂದರು. ತೋಟದ ಎಳನೀರನ್ನೆಲ್ಲ ಕೋತಿಗಳು ಕಿತ್ತು ಬಿಸಾಕುತ್ತಿವೆ, ನಾನು ಬಂದು ಹಿಡಿಯಬೇಕು ಎಂದರು. ನಾನು ಕಾಫಿ ಕೊಟ್ಟು, ನಾನು ಬರೀ ಪಾಠ ಮಾಡುವವಳು, ಕೋತಿ ಹಿಡಿಯುವ ಅಧಿಕಾರ ನನಗಿಲ್ಲ ಎಂದು ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ನಿಮ್ಮ ಹುಡುಗ್ರುನ್ನ ಕರ್ಕಂಬನ್ನಿ ತಾಯಿ, ಅವ್ರಿಗೂ ಪ್ರಾಕ್ಟಿಕಲ್ ಆಯ್ತದೆ" ಎಂದರು.

ಮಾತು ಸರಿಯಾಗೇ ಇತ್ತು. ಕಾಡುಪ್ರಾಣಿಯಿಂದ ಬೆಳೆಹಾನಿ ಎಂಬ ಪಾಠ ಹೇಗೂ ಬಾಕಿ ಇತ್ತು. ಮುಂದಿನ ವಾರ ಇಪ್ಪತ್ತೆರಡು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆ. ನಾವು ತೋಟದ ಆ ತುದಿಯಲ್ಲಿ ಉದುರಿದ ಕಾಯಿ ಎಣಿಸುತ್ತಿದ್ದಾಗ ಕೋತಿಗಳು ಈ ತುದಿಯಲ್ಲಿ ಬ್ಯಾಗಿನ ಜಿಪ್ಪು ತೆಗೆದು ಇಪ್ಪತ್ತೆರಡು ಬುತ್ತಿಯನ್ನೂ ಮುಗಿಸಿದ್ದವು. ಹಿರಿಯರು ನಮ್ಮೆಲ್ಲರಿಗೂ ಮನೆಯಲ್ಲಿ ಮುದ್ದೆ ಮಾಡಿಸಿ ಹಾಕಿದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, "ಮಾರ್ಕ್ಸು ನಿಮ್ಮ ಹುಡುಗ್ರಿಗ್ ಹಾಕ್ತೀರೋ, ಕೋತಿಗೋ?"

ಭವಿಷ್ಯದ ಭಾಷಣ

ನಮ್ಮ ಕೋರ್ಸಿಗೆ ಹುಡುಗರು ಕಡಿಮೆಯಾದರೆ ಮೊದಲು ಹೋಗುವುದು ಅತಿಥಿಗಳ ತಲೆ. ಹಾಗಾಗಿ ಬೇಸಿಗೆಗೆ ಮುಂಚೆ ನಾವೇ ಊರೂರು ತಿರುಗಿ ಕೋರ್ಸಿನ ಗುಣಗಾನ ಮಾಡುತ್ತೇವೆ. ಅಜ್ಜಂಪುರದ ಒಂದು ಪಿಯುಸಿ ತರಗತಿಯಲ್ಲಿ ನಾನು ಅರ್ಧ ಗಂಟೆ, ಅರಣ್ಯಶಾಸ್ತ್ರ ಓದಿದವರಿಗೆ ಎಷ್ಟು ಬಗೆಯ ಉದ್ಯೋಗ ಕಾದಿದೆ ಎಂದು ಹೇಳಿದೆ. ಬೋರ್ಡಿನ ತುಂಬ ಬರೆದೆ. ನನಗೇ ಮತ್ತೊಮ್ಮೆ ಸೇರೋಣ ಅನಿಸುವಷ್ಟು ಚೆನ್ನಾಗಿತ್ತು.

ಶಿವನಿಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. ನೀವೂ ಇದೇ ಓದಿದ್ದಾ ಎಂದಳು. ಹೌದು, ಡಾಕ್ಟರೇಟ್ ಕೂಡ ಆಗಿದೆ ಎಂದೆ. ಪರ್ಮನೆಂಟಾ ಎಂದಳು. ಇನ್ನೂ ಇಲ್ಲ ಎಂದೆ. ಹಾಗಾದರೆ ಬೇಸಿಗೆಯಲ್ಲಿ ಸಂಬಳ ಇಲ್ಲದಾಗ ಏನು ಮಾಡುತ್ತೀರಿ ಎಂದಳು. ಮಕ್ಕಳ ಹತ್ತಿರ ಸುಳ್ಳು ಹೇಳಬಾರದು ಎಂದು ವೈಂಡಿಂಗ್ ಅಂಗಡಿಯ ವಿಷಯ ಹೇಳಿದೆ. ಇಡೀ ತರಗತಿ ಆವತ್ತು ಮೊದಲ ಬಾರಿಗೆ ಪೆನ್ನು ತೆಗೆದು ಏನೋ ಬರೆದುಕೊಂಡಿತು.

ಆ ವರ್ಷ ಅಜ್ಜಂಪುರದಿಂದ ನಮ್ಮ ಕೋರ್ಸಿಗೆ ಯಾರೂ ಸೇರಲಿಲ್ಲ. ನಮ್ಮ ಅಂಗಡಿಗೆ ಕೆಲಸ ಕಲಿಯಲು ಇಬ್ಬರು ಬಂದರು.

ಜವಾಬ್ದಾರಿಯುತ ನೌಕರ

ಲಕ್ಕವಳ್ಳಿ ಹತ್ತಿರದ ಕಾಡಿಗೆ ಪ್ರವಾಸ ಹೊರಟಿದ್ದೆವು. ತರೀಕೆರೆ ದಾಟಿ, ಕಾಡಿನ ಗೇಟಿನಲ್ಲಿ ಬಸ್ಸು ನಿಂತಿತು. ಕಾವಲುಗಾರ ನಮ್ಮ ಪತ್ರ ಓದಿದ. ಕೆಳಗೆ ಸಹಿ ಮಾಡುವವರು ಕಾಯಂ ನೌಕರರಾಗಿರಬೇಕು ಎಂದು ನಮ್ಮ ಆಫೀಸಿನವರೇ ಅಚ್ಚು ಹಾಕಿಸಿದ್ದರು. ನಾನು ಕಾಯಂ ಅಲ್ಲ. ನನ್ನ ಜೊತೆಗಿದ್ದ ಇನ್ನೊಬ್ಬ ಮೇಷ್ಟರೂ ಅತಿಥಿಯೇ. ಆಫೀಸಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ಕಾವಲುಗಾರ ಒಳ್ಳೆಯವನೇ, ಆದರೆ ಅವನದೂ ಹೊಟ್ಟೆಪಾಡು. ಬಸ್ಸಿನಲ್ಲಿ ಪರ್ಮನೆಂಟ್ ಅನ್ನೋರು ಯಾರಾದರೂ ಇದ್ದಾರಾ ನೋಡಿ ಎಂದ.

ಇದ್ದದ್ದು ನಮ್ಮ ವಿಶ್ವವಿದ್ಯಾಲಯದ ಡ್ರೈವರ್ ಒಬ್ಬರೇ. ಇಪ್ಪತ್ತು ವರ್ಷದ ಸರ್ವೀಸು, ಪಿಎಫ್ ಸಮೇತ. ಅವರು ಕೈ ಒರೆಸಿಕೊಂಡು ಇಳಿದು, ಪ್ರವಾಸದ ಮುಖ್ಯಸ್ಥರು ಎಂಬಲ್ಲಿ ಸಹಿ ಹಾಕಿದರು. ಮುಖ್ಯಸ್ಥರನ್ನು ಬಿಟ್ಟು ಉಳಿದವರ ತಲೆ ಎಣಿಸುವಾಗ ಕಾವಲುಗಾರ ನನ್ನನ್ನೂ ಹುಡುಗರ ಜೊತೆಗೇ ಎಣಿಸಿದ.

ಡ್ರೈವರ್ ಆ ಜವಾಬ್ದಾರಿಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನಾನು ಮತ್ತಿಮರದ ತೊಗಟೆ ತೋರಿಸಿ ಪಾಠ ಮಾಡುವಷ್ಟು ಹೊತ್ತೂ ಹಿಂದೆ ಕೈಕಟ್ಟಿ ನಿಂತು ಕೇಳಿದರು. ಮುಗಿದ ಮೇಲೆ ಹತ್ತಿರ ಬಂದು, "ಚೆನ್ನಾಗ್ ಮಾಡಿದ್ರಿ ಮೇಡಂ. ರಿಪೋರ್ಟಲ್ಲಿ ಬರೀತೀನಿ" ಎಂದರು.

ನೋಟ್ಸು

ಕಳೆದ ವರ್ಷದ ಸಂದರ್ಶನ ಮಾತ್ರ ಮರೆಯುವಂತಿಲ್ಲ. ನಮ್ಮ ವಿಭಾಗದಲ್ಲಿದ್ದ ಎರಡು ಅತಿಥಿ ಜಾಗಗಳನ್ನು ಒಂದಕ್ಕೆ ಇಳಿಸಿದ್ದರು. ಹೊರಗೆ ಬೆಂಚಿನ ಮೇಲೆ ಐದು ಜನ ಕೂತಿದ್ದೆವು. ನನಗೆ ನಿಜವಾಗಿಯೂ ಭಯವಾಗಿತ್ತು.

ಒಳಗೆ ಹೋದರೆ ಮೂವರು. ನಡುವೆ ವಯಸ್ಸಾದ ಅಧ್ಯಕ್ಷರು, ಒಂದು ಪಕ್ಕ ಆಫೀಸಿನವರು, ಇನ್ನೊಂದು ಪಕ್ಕ ಬೇರೆ ಕಾಲೇಜಿನಿಂದ ಬಂದ ವಿಷಯತಜ್ಞರು. ವಿಷಯತಜ್ಞ, ನಾನು ಪಾಠ ಶುರು ಮಾಡಿದ ಮೊದಲ ವರ್ಷದ ವಿದ್ಯಾರ್ಥಿ. ಬರೆಸಿದ್ದನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡುತ್ತಿದ್ದ ಹುಡುಗ, ಈಗ ಆ ಕಾಲೇಜಿನಲ್ಲಿ ಪರ್ಮನೆಂಟ್ ಪ್ರೊಫೆಸರು. ನನ್ನನ್ನು ಕಂಡ ಕೂಡಲೇ ಎದ್ದು ನಿಂತ. ಅವನು ಎದ್ದನಲ್ಲ ಎಂದು ಉಳಿದ ಇಬ್ಬರೂ ಎದ್ದರು. ನಾನು ಅಭ್ಯಾಸಬಲದಿಂದ ಕೂತ್ಕೊಳ್ಳಿ ಎಂದೆ. ಮೂವರೂ ಕೂತರು.

ಹೇಗಾದರೂ ನನಗೆ ಸಹಾಯ ಮಾಡಬೇಕೆಂದು ಅವನು ಬಹಳ ಸುಲಭದ ಪ್ರಶ್ನೆ ಹಾಕಿದ. ತೇಗದ ಬೀಜ ಬಿತ್ತುವ ಮುಂಚೆ ಏನು ಮಾಡಬೇಕು? ರಾತ್ರಿ ನೀರಿನಲ್ಲಿ ನೆನೆಸಿ, ಹಗಲು ಬಿಸಿಲಿನಲ್ಲಿ ಒಣಗಿಸಿ, ಹೀಗೆ ಒಂದು ವಾರ ಮಾಡಬೇಕು ಎಂದೆ. ಅವನ ಮುಖ ಬಾಡಿತು.

"ಹಗಲು ನೆನೆಸಿ ರಾತ್ರಿ ಒಣಗ್ಸೋದಲ್ವಾ ಮೇಡಂ? ನಿಧಾನವಾಗಿ ಯೋಚ್ನೆ ಮಾಡಿ ಹೇಳಿ."

ರಾತ್ರಿ ಬಿಸಿಲು ಎಲ್ಲಿಂದ ತರುತ್ತೀಯಪ್ಪ ಎಂದೆ. ಅವನು ಸಂಕಟಪಡುತ್ತಲೇ ಬ್ಯಾಗಿನಿಂದ ಹಳೆಯ ಜೆರಾಕ್ಸ್ ಕಂತೆ ತೆಗೆದು ಅಧ್ಯಕ್ಷರ ಮುಂದಿಟ್ಟ. ನನ್ನ ನೋಟ್ಸು, ನನ್ನದೇ ಅಕ್ಷರ. ಮೂರು ಸೆಕ್ಷನ್ ಒಟ್ಟಿಗೆ ಕೂಡಿಸಿ ಊಟದ ನಂತರ ಪಾಠ ಮಾಡುತ್ತಿದ್ದ ಆ ದಿನಗಳಲ್ಲಿ, ನಾನೇ ಹಗಲು ರಾತ್ರಿ ಅದಲು ಬದಲು ಮಾಡಿ ಬರೆದುಬಿಟ್ಟಿದ್ದೆ.

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಓದಿದರು. ನೋಟ್ಸು ಸರಿ ಎಂದರೆ ಈಗಿನ ಉತ್ತರ ತಪ್ಪು. ಉತ್ತರ ಸರಿ ಎಂದರೆ ನಾನು ತಪ್ಪು ಪಾಠ ಮಾಡಿದವಳು. ಎರಡರಲ್ಲೂ ಕೆಲಸ ಹೋದ ಹಾಗೇ ಎನಿಸಿತು. ಬೀಜದ ಗತಿಯಾದರೂ ನೆಟ್ಟಗಾಗಲಿ ಎಂದು, ನೋಟ್ಸೇ ತಪ್ಪು ಸರ್, ತಪ್ಪು ನನ್ನದೇ ಎಂದೆ.

ಅಧ್ಯಕ್ಷರು ತಜ್ಞನ ಕಡೆ ತಿರುಗಿ, ನೀವು ಇದನ್ನೇ ಪಾಠ ಮಾಡ್ತಿದ್ದೀರಾ ಎಂದು ಕೇಳಿದರು. ಅವನು ತಲೆ ತಗ್ಗಿಸಿದ. "ಹೌದು ಸರ್. ನನ್ನ ನೇಮಕಾತಿ ಇಂಟರ್‌ವ್ಯೂನಲ್ಲೂ ಇದೇ ಕೇಳಿದ್ರು. ಇದೇ ಹೇಳ್ದೆ. ತಗೊಂಡ್ರು."

ಅಧ್ಯಕ್ಷರು ನನ್ನ ಅರ್ಜಿಯ ಮೇಲೆ ಏನೋ ಬರೆದರು. ತಡೆಯಲಾರದೆ, ಆಯ್ತಾ ಸರ್ ಎಂದು ಕೇಳಿಯೇಬಿಟ್ಟೆ.

"ಆಯ್ತಮ್ಮ, ಹತ್ತು ತಿಂಗಳಿಗೆ" ಎಂದರು. ಆಮೇಲೆ ಕಂತೆಯನ್ನು ನನ್ನ ಕಡೆ ಸರಿಸಿ, "ಪರ್ಮನೆಂಟ್ ಬೇಕಾಗಿದ್ರೆ ನೀವೂ ನಿಮ್ಮ ನೋಟ್ಸ್ ಓದ್ಕೊಂಡು ಬರ್ಬೇಕಿತ್ತು" ಎಂದರು.