ಐತಪ್ಪಣ್ಣ ಇನ್ನು ಕೆಲಸದವರಲ್ಲ!

ಹಾಸ್ಯ ನನ್ನ ರಕ್ತದಲ್ಲೇ ಇದೆ! ಹೀಗೆಂದು ಕಳೆದ ತಿಂಗಳು ನಾನು ಮನೆಯಲ್ಲಿ ಘೋಷಿಸಿದೆ.

"ರಕ್ತದಲ್ಲಿ ಶುಗರ್ ಉಂಟು ಅಂತ ಡಾಕ್ಟ್ರು ಹೇಳಿದ್ದು ಮಾರಾಯ್ರೆ. ಹಾಸ್ಯ ಉಂಟು ಅಂತ ರಿಪೋರ್ಟಲ್ಲಿ ಎಲ್ಲಿಯೂ ಇಲ್ಲ," ಎಂದಳು ನನ್ನ ಹೆಂಡತಿ ರತ್ನಾವತಿ.

ತ್ರಿಪ್ಲಿಕೇನ್‌ನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಈ ಮೋನಪ್ಪನಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ. ಆದರೆ ಸಂದರ್ಭ ದೊಡ್ಡದಿತ್ತು. ನಮ್ಮ ಅಡುಗೆಯ ಐತಪ್ಪಣ್ಣ ಬಂದು ಇಪ್ಪತ್ತಾರು ವರ್ಷ ತುಂಬುತ್ತಿತ್ತು. ಅಪ್ಪ ತೀರಿಕೊಂಡಾಗ ನನಗೆ ಉದ್ದಿನಬೇಳೆ ಯಾವುದು, ಕಡಲೆಬೇಳೆ ಯಾವುದು ಎಂದೂ ತಿಳಿಯದು. ಆಗ ಹೋಟೆಲನ್ನೂ ನನ್ನನ್ನೂ ಬೀಳದಂತೆ ಹಿಡಿದವರು ಅವರು. ಅವರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳುವುದೆಂದು ನಾವಿಬ್ಬರೂ ನಿಶ್ಚಯಿಸಿದ್ದೆವು. ಅಂಥ ಸುದ್ದಿಯನ್ನು ಸಪ್ಪಗೆ ಹೇಳುವುದುಂಟೇ? ಜೋಕಿನ ಮೂಲಕವೇ ಹೇಳಬೇಕು!

ಕಾಲೇಜಿಗೆ ಹೋಗುವ ಮಗಳು ಪ್ರಣಮ್ಯಾ ಜೋಕಿನ ಗುಟ್ಟು ಬಿಚ್ಚಿಟ್ಟಳು, ತನ್ನ ಅರ್ಧ ತಮಿಳಿನಲ್ಲಿ.

"ಸಿಂಪಲ್ ಪಾ. ಕೇಳುವವರನ್ನು ಒಂದು ಕಡೆ ಕರ್ಕೊಂಡು ಹೋಗಿ, ಸಡನ್ನಾಗಿ ಬೇರೆ ಕಡೆ ಇಳಿಸ್ಬೇಕು. ನಡುವಿಲೆ ಒರು ಗ್ಯಾಪ್. ಅದು ರೊಂಬ ಮುಖ್ಯಂ. ಐದು ಎಣಿಸಿ. ಆನಾ ನೀಂಗ ಟ್ರೈ ಪಣ್ಣಾದೀಂಗ, ಪ್ಲೀಸ್!"

ಟ್ರೈ ಮಾಡಬೇಡಿ ಎಂಬ ಆ ಕೊನೆಯ ಮಾತು ನನಗೆ ಕೇಳಿಸಲೇ ಇಲ್ಲ.

ಆ ದಿನ ಬೆಳಗ್ಗೆ ಐದೂವರೆಗೆ ದೇವರ ಪಟಕ್ಕೆ ದೀಪ ಹಚ್ಚಿ, ಎಲ್ಲರನ್ನೂ ಹೋಟೆಲಿನ ಅಡುಗೆಮನೆಯಲ್ಲಿ ಸೇರಿಸಿದೆ. ಗಂಟಲು ಸರಿಮಾಡಿಕೊಂಡು, ಮುಖ ಗಂಟಿಕ್ಕಿ ಹೇಳಿದೆ:

"ಇವತ್ತಿನಿಂದ ಐತಪ್ಪಣ್ಣ ನಮ್ಮ ಕೆಲಸದವರಲ್ಲ!"

ಆಮೇಲೆ ಗ್ಯಾಪ್. ಕಳೆ ಬರಲಿ ಎಂದು ಕಣ್ಣು ಮುಚ್ಚಿದೆ. ಒಂದು... ಎರಡು... ಏನೋ ಠಣ್ ಎಂದಿತು. ಮೂರು... ಹಿಂಬಾಗಿಲು ಕಿರ್ ಎಂದಿತು. ನಾಲ್ಕು... ಐದು!

"ಪಾಲುದಾರರು!" ಎಂದು ಕೂಗಿ, ಎರಡೂ ಕೈ ಅಗಲಿಸಿ ಕಣ್ಣು ತೆರೆದೆ. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಪಕ್ಕದಲ್ಲಿ ಸೌಟು ಇತ್ತು. ಐತಪ್ಪಣ್ಣ ಇರಲಿಲ್ಲ!

"ಎಲ್ಲಿ ಅವರು?"

"ಕೈಮುಗಿದು ಹೋದ್ರು ಧಣಿ," ಎಂದ ದೋಸೆ ಹುಯ್ಯುವ ರೂಪೇಶ್.

"ತಡೀಲಿಕ್ಕೆ ಆಗ್ಲಿಲ್ವಾ ನಿಮಗೆ?"

"ನಾವೆಲ್ಲ ನಿಮ್ಮನ್ನೇ ನೋಡ್ತಾ ಇದ್ದೆವು. ನಿಮಗೆ ತಲೆ ತಿರುಗಿತು ಅಂತ ಗ್ರಹಿಸಿದೆವು!"

ಓಣಿಯಲ್ಲಿ ಅವರ ಸುಳಿವಿಲ್ಲ. ಫೋನ್ ಮಾಡಿದರೆ ಅದು ನಮ್ಮ ಅಡುಗೆಮನೆಯಲ್ಲೇ, ಮೊಳೆಗೆ ನೇತುಹಾಕಿದ ಚೀಲದೊಳಗೆ ಹಾಡಿತು.

"ಎಂತ ಮಾರಾಯ್ರೆ ನೀವು! ಸನ್ಮಾನ ಮಾಡ್ಲಿಕ್ಕೆ ಕರೆದು ಡಿಸ್ಮಿಸ್ ಮಾಡಿದ್ರಲ್ಲ!" ಎಂದಳು ರತ್ನಾವತಿ.

"ಅದು ಟ್ವಿಸ್ಟು ಮಾರಾಯ್ತಿ..."

"ನಿಮ್ಮ ಟ್ವಿಸ್ಟು ಈಗ ಊರಿನ ರೈಲು ಹತ್ತಿರ್ಬಹುದು. ಹೋಗಿ ಕರ್ಕೊಂಡು ಬನ್ನಿ. ಅಲ್ಲಿ ಇನ್ನೊಂದು ಜೋಕ್ ಮಾಡ್ಬೇಡಿ!"

ಹೋಗುವುದು ಹೇಗೆ? ಹೊರಗೆ ಪಕ್ಕದ ಲಾಡ್ಜಿನ ಗಿರಾಕಿಗಳು ಬಂದು ನಿಂತಿದ್ದರು. ಸಾಂಬಾರು ಅರ್ಧಕ್ಕೆ ನಿಂತಿತ್ತು. ಸ್ವತಃ ಧಣಿಯೇ ಸೊಂಟ ಕಟ್ಟಿದ! ಹುಣಸೆಹುಳಿ, ಪುಡಿ, ಉಪ್ಪು, ಹಾಕಿದೆನೋ ಇಲ್ಲವೋ ಎಂಬ ಸಂಶಯಕ್ಕೆ ಇನ್ನೊಮ್ಮೆ ಉಪ್ಪು. ಕುದಿ ಬಂದದ್ದೇ ತಡ, ಆಟೋ ಹಿಡಿದು ಸೆಂಟ್ರಲ್ ಸ್ಟೇಷನ್ನಿಗೆ ಓಡಿದೆ.

ಅವರಂತೆ ಹೆಗಲ ಮೇಲೆ ಬೈರಾಸು, ಅಂದರೆ ನಮ್ಮೂರ ಟವೆಲು, ಹಾಕಿದ ಪ್ರತಿಯೊಬ್ಬರನ್ನೂ "ಐತಪ್ಪಣ್ಣಾ!" ಎಂದು ಹಿಂದಿನಿಂದ ಹಿಡಿದೆ. ಮೂರನೆಯವರು ಪೊಲೀಸರನ್ನು ಕರೆಯುವುದಾಗಿ ಶುದ್ಧ ತಮಿಳಿನಲ್ಲಿ ತಿಳಿಸಿದರು. ಬೆಂಚಿನ ಮೇಲೆ ಕುಸಿದು ಕುಳಿತೆ, ಅಳು ಬಂತು. ಅಪ್ಪ ಹೋದಾಗಲೂ ನಾನು ಹೀಗೆ ಅತ್ತಿರಲಿಲ್ಲ, ಏಕೆಂದರೆ ಆಗ ಪಕ್ಕದಲ್ಲಿ ಐತಪ್ಪಣ್ಣ ಇದ್ದರು.

ಒಂಬತ್ತಕ್ಕೆ ಜೋಲುಮೋರೆ ಹಾಕಿಕೊಂಡು ವಾಪಸು ಬಂದೆ. ನೋಡುತ್ತೇನೆ, ಮೂಲೆಯ ಮೇಜಿನಲ್ಲಿ ಇಡ್ಲಿಯ ತಟ್ಟೆ ಇಟ್ಟುಕೊಂಡು ಕುಳಿತಿದ್ದಾರೆ ಐತಪ್ಪಣ್ಣ!

"ನೀವು... ಊರಿಗೆ ಹೋಗ್ಲಿಲ್ವಾ?"

"ಎಂತಕ್ಕೆ ಹೋಗುದು? ಕಡಲಿನ ಹತ್ತಿರ ಕೂತು ಆಲೋಚನೆ ಮಾಡಿದೆ. ಇಪ್ಪತ್ತಾರು ವರ್ಷ ಒಳಗೆ ನಿಂತೇ ತಿಂದದ್ದು. ಕೆಲಸದವರು ಗಿರಾಕಿಯ ಮೇಜಲ್ಲಿ ಕೂರುವ ಕ್ರಮ ಇಲ್ಲ ಅಲ್ವಾ? ಈಗ ನಾನು ಕೆಲಸದವ ಅಲ್ಲ. ಹಾಗೆ ಮುಂದಿನ ಬಾಗಿಲಲ್ಲಿ ಬಂದೆ."

"ನಾನು ಎಂತದೂ ಹೇಳ್ಲಿಲ್ಲ," ಎಂದಳು ಕೌಂಟರಿನಿಂದ ರತ್ನಾವತಿ. "ನೀವೇ ಹೇಳಿ. ಗ್ಯಾಪ್ ಬೇಡ!"

ಅವರ ಎರಡೂ ಕೈ ಹಿಡಿದು ಒಂದೇ ಉಸಿರಿಗೆ ಹೇಳಿದೆ: "ನೀವು ಪಾಲುದಾರರು ಐತಪ್ಪಣ್ಣ, ಅದನ್ನೇ ಹೇಳ್ಲಿಕ್ಕೆ ಹೊರಟದ್ದು, ನೀವಿಲ್ಲದಿದ್ರೆ ಈ ಹೋಟೆಲೂ ಇಲ್ಲ, ನಾನೂ ಇಲ್ಲ, ತಪ್ಪಾಯ್ತು!"

ಅವರು ಬೈರಾಸಿನಿಂದ ಕಣ್ಣೊರೆಸಿಕೊಂಡರು. ನಾನೂ ಅದೇ ಬೈರಾಸಿನ ಇನ್ನೊಂದು ತುದಿಯಿಂದ ಒರೆಸಿಕೊಂಡೆ. ಊರಿನ ದೈವಗಳಿಗೂ ಇಲ್ಲಿನ ಪಾರ್ಥಸಾರಥಿಗೂ ಮನಸ್ಸಿನಲ್ಲೇ ಕೈಮುಗಿದೆ. ಇಂಥವರೊಬ್ಬರು ನನ್ನ ಪಾಲಿಗೆ ಸಿಕ್ಕಿದ್ದಕ್ಕೆ ಯಾರಿಗೆ ಎಷ್ಟು ಸಲ ಕೈಮುಗಿದರೂ ಕಡಿಮೆಯೇ.

"ಒಪ್ಪಿದೆ ಧಣಿ," ಎಂದರು ಐತಪ್ಪಣ್ಣ, ಸಾಂಬಾರಿನ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತ. "ಆದ್ರೆ ಪಾಲುದಾರ ಅಂದ್ಮೇಲೆ ನನ್ನದೂ ಒಂದು ಮಾತು ನಡೀಬೇಕು."

"ಒಂದಲ್ಲ, ನೂರು ಹೇಳಿ!"

"ಈ ಸಾಂಬಾರು ಮಾಡಿದವನನ್ನು ಇವತ್ತೇ ಕೆಲಸದಿಂದ ತೆಗೀಬೇಕು!"