ಜಗಲಿ ಏರಿದ ಹದಿನೇಳರ ಪಾನಾ

"ಹಬ್ಬದ ಊಟಕ್ಕ ಬಂದ್ರ ಈ ಜೀಪಿನಾಗ ಬರ್ತೇನಿ. ಇಲ್ಲಂದ್ರ ಮರುದಿನ ಇದನ್ನ ಗುಜರಿಗೆ ಹಾಕ್ತೇನಿ!"

ಹುನಗುಂದದ ವಿಜಯಮಹಾಂತೇಶ ಹೀಗೊಂದು ಭೀಷ್ಮ ಪ್ರತಿಜ್ಞೆ ಮಾಡಿದ್ದು ಬಾದಾಮಿಯಲ್ಲಿರುವ ಷಡ್ಡಕ ಸಂತೋಷಕುಮಾರನಿಗೆ, ಫೋನಿನಲ್ಲಿ. ಹೊಸ ಕಾರು ಕೊಂಡಿದ್ದ ಷಡ್ಡಕ, "ನಿಮ್ಮ ಮುದಿ ಜೀಪ್ ಬಾದಾಮಿ ಮುಟ್ಟೂದ್ರಾಗ ಹೋಳಿಗಿ ಹಳಸಿರ್ತಾವ" ಎಂದು ನಕ್ಕಿದ್ದ. ಅಪ್ಪ ಓಡಿಸಿದ ಜೀಪು! ಮಾರುವುದೆಂದರೆ ವಿಜಯಮಹಾಂತೇಶನಿಗೆ ಕರುಳು ಕಿತ್ತು ಬರುತ್ತಿತ್ತು. ಆದರೆ ನಾಲಿಗೆಗೆ ಕರುಳಿಲ್ಲ ನೋಡಿ, ಆಡಿಬಿಟ್ಟಿತ್ತು.

ಜೀಪಿನ ರೋಗ ಒಂದೇ. ಸ್ಟೇರಿಂಗು ಅರ್ಧ ಸುತ್ತು ತಿರುಗಿದ ಮೇಲೆಯೇ ಗಾಲಿಗೆ ಸುದ್ದಿ ಮುಟ್ಟುತ್ತಿತ್ತು. ಗಾಳಿ ಕಮ್ಮಿ ಎಂದರು, ಹೊಡೆಸಿದ. ಬೇರಿಂಗ್ ಹೋಗಿದೆ ಎಂದರು, ಹೊಸದು ಹಾಕಿಸಿದ. ರಾಡಿನ ಕೀಲು ಸವೆದಿವೆ ಎಂದರು, ಅವನ್ನೂ ಬದಲಿಸಿದ. ಸ್ಟೇರಿಂಗು ಜಪ್ಪಯ್ಯ ಅನ್ನಲಿಲ್ಲ! ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಬೆಳಿಗ್ಗೆ, ಮಧ್ಯಾಹ್ನದ ಊಟಕ್ಕೆ ಬಾದಾಮಿ ಮುಟ್ಟಬೇಕಾದವನು, ಜೀಪಿನ ಕೆಳಗೆ ಅಂಗಾತ ಮಲಗಿದ್ದ. ಹೆಂಡತಿ ಮಹೇಶ್ವರಿ ಮೇಲೆ ಸ್ಟೇರಿಂಗ್ ಹಿಡಿದು ಕುಳಿತಿದ್ದಳು.

"ಎಡಕ್ಕ ತಿರುಗಿಸು!"

"ನಿಮ್ಮ ಎಡಕ್ಕೋ, ನನ್ನ ಎಡಕ್ಕೋ?"

"ಜೀಪಿನ ಎಡಕ್ಕ!"

"ಜೀಪಿನ ಮಾರಿ ಯಾವ ಕಡಿ ಐತಿ ಅಂತ ನನಗ ಗೊತ್ತೈತಿ. ನಿಮ್ಮದು ಯಾವ ಕಡಿ ಐತ್ರಿ?"

ಅದು ವಿಜಯಮಹಾಂತೇಶನಿಗೂ ಖಾತ್ರಿಯಿರಲಿಲ್ಲ.

ಅಷ್ಟರಲ್ಲಿ ಆರತಿ ತಟ್ಟೆ ಹಿಡಿದು ಬಂದ ತಾಯಿ ಗುರುಸಿದ್ದವ್ವ, ತೆರೆದ ಬಾನೆಟ್ಟಿನೊಳಗೆ ಇಣುಕಿದಳು. "ಯಪ್ಪಾ, ಈ ಕಬ್ಬಿಣದ ಡಬ್ಬಿ ಯಾಕ ಹಿಂಗ ಕುಣ್ಯಾಕತ್ತೈತಿ?"

ಎದ್ದು ನೋಡಿದರೆ ಸ್ಟೇರಿಂಗ್ ಬಾಕ್ಸೇ ಚಾಸಿಯ ಮೇಲೆ ಅಲ್ಲಾಡುತ್ತಿದೆ! ಮೂರು ಬೋಲ್ಟು ಸಡಿಲ. ಇಷ್ಟು ದಿನದ ಮಹಾರೋಗಕ್ಕೆ ಎರಡು ಸುತ್ತಿನ ಔಷಧ!

"ಯವ್ವಾ, ಬೋಲ್ಟು ಬಿಗಿ ಮಾಡಾಕ ಹದಿನೇಳರ ಪಾನಾ ಕೊಡು!"

"ಪಾನಾ ಎಲ್ಲಾ ದೇವರ ಜಗಲಿ ಮ್ಯಾಲ ಅದಾವ. ವಿಭೂತಿ ಹಚ್ಚಿ ಪೂಜಿ ಮಾಡೇನಿ. ನಾಳೆ ಬನ್ನಿ ಕೊಡೂತನಕ ಮುಟ್ಟಂಗಿಲ್ಲ."

ವಿಜಯಮಹಾಂತೇಶ ಇಮಾಮಹುಸೇನನ ಗ್ಯಾರೇಜಿಗೆ ಓಡಿದ. ಇವನಾದರೂ ಕೊಟ್ಟಾನು ಎಂಬ ಆಸೆ. ಅಲ್ಲಿ ಜ್ಯಾಕಿನಿಂದ ಸುತ್ತಿಗೆಯವರೆಗೆ ಎಲ್ಲವೂ ಚೆಂಡು ಹೂವಿನಲ್ಲಿ ಮುಳುಗಿದ್ದವು.

"ಹಬ್ಬದ ದಿನ ಪಾನಾ ಕೇಳ್ತೀರಲ್ರಿ ಸಾವಕಾರ! ಇಪ್ಪತ್ತು ವರ್ಷದಾಗ ಒಮ್ಮೆನೂ ಮುಟ್ಟಿಲ್ಲ. ಪೇಡೆ ತಿನ್ರಿ" ಎಂದ ಇಮಾಮಹುಸೇನ.

ಇನ್ನೆರಡು ಗ್ಯಾರೇಜುಗಳಲ್ಲೂ ಸಿಕ್ಕಿದ್ದು ಪೇಡೆಯೇ. ಊರಿನ ಕಬ್ಬಿಣವೆಲ್ಲ ಅವತ್ತು ದೇವರಾಗಿತ್ತು! ಬಾಯಿ ಸಿಹಿ, ಮುಖ ಕಹಿ ಮಾಡಿಕೊಂಡು ಮನೆಗೆ ಬಂದ ಗಂಡನನ್ನು ನೋಡಿ ಮಹೇಶ್ವರಿಗೆ ಕನಿಕರ ಬಂತು. ಅವಳು ಅತ್ತೆಯ ಕಡೆ ತಿರುಗಿದಳು.

"ಅತ್ತಿ, ದೇವರ ಮುಂದ ಇಟ್ಟ ಬಾಳಿಹಣ್ಣು ಪೂಜಿ ಆದಮ್ಯಾಲ ಏನಾಗ್ತೈತಿ?"

"ಪ್ರಸಾದ ಆಗ್ತೈತಿ."

"ಪ್ರಸಾದ ಬ್ಯಾಡ ಅನ್ನಬಹುದೇನ್ರಿ?"

"ಶಿವಶಿವಾ! ಅನ್ನಬಾರದವ್ವ."

"ಹಂಗಾದ್ರ ನಿಮ್ಮ ಮಗಗ ಪಾನಾ ಪ್ರಸಾದ ಕೊಡ್ರಿ."

ಗುರುಸಿದ್ದವ್ವ ಎಲ್ಲಿ ಸಿಕ್ಕಿಬಿದ್ದೆ ಎಂದು ತಿಳಿಯದೆ ಒಳಗೆ ಹೋಗಿ ಪಾನಾ ತಂದಳು. ಮಗ ಎರಡೂ ಕೈಯೊಡ್ಡಿ, ಕಣ್ಣಿಗೊತ್ತಿಕೊಂಡು ಸ್ವೀಕರಿಸಿದ.

ಬೋಲ್ಟು ಬಿಗಿಯಾದವು. ವಿಜಯಮಹಾಂತೇಶ ಮೀಸೆ ತಿರುವಿ, ತಾಯಿಗೂ ಹೆಂಡತಿಗೂ ಹತ್ತಲು ಹೇಳಿ ಜೀಪು ಬಿಟ್ಟ. ಓಣಿಯ ತಿರುವು ಬಂತು. ವರ್ಷಗಟ್ಟಲೆಯ ರೂಢಿಯಂತೆ ಕೈ ಅರ್ಧ ಸುತ್ತು ಹೆಚ್ಚಿಗೆ ತಿರುಗಿತು. ಈಗ ಜೀಪು ಹೇಳಿದ ಮಾತು ಕೇಳುತ್ತಿತ್ತಲ್ಲ! ಸೀದಾ ಪಕ್ಕದ ಮನೆಯ ಉಸುಕಿನ ಗುಡ್ಡೆಗೆ ನುಗ್ಗಿ ನಿಂತಿತು. ಹಿಂದಕ್ಕೆ ತೆಗೆದು ಮತ್ತೆ ತಿರುಗಿಸಿದ. ಮತ್ತೆ ಅದೇ ಉಸುಕು!

"ಇಳೀರಿ" ಎಂದಳು ಮಹೇಶ್ವರಿ. ಬೇವೂರಿನ ತವರಿನಲ್ಲಿ ಟ್ರ್ಯಾಕ್ಟರ್ ಹೊಡೆದ ಕೈ ಅವಳದು. ಅಮೀನಗಡ ದಾಟುವವರೆಗೂ ಗಂಡ ಪಕ್ಕದ ಸೀಟಿನಲ್ಲಿ ಕೂತು ಮೈಮೇಲಿನ ಧೂಳು ಕೊಡವಿಕೊಂಡ.

ಬಾದಾಮಿಯಲ್ಲಿ ಹೋಳಿಗೆ ಇನ್ನೂ ಬಿಸಿಯಾಗಿದ್ದವು. ಸಂತೋಷಕುಮಾರ ಬೆರಗಾಗಿ ಜೀಪನ್ನು ಒಂದು ಸುತ್ತು ಹಾಕಿದ. "ಭಲೇ! ರಿಪೇರಿ ಯಾರು ಮಾಡಿದ್ರು?"

ವಿಜಯಮಹಾಂತೇಶನ ಎದೆ ಉಬ್ಬಿತು. ಬಾಯಿ ತೆರೆಯುವಷ್ಟರಲ್ಲಿ ಮಹೇಶ್ವರಿ ಹೇಳಿಬಿಟ್ಟಳು:

"ಇವರ ಮಾಡಿದ್ರು. ಅದಕ್ಕ ಅಂಜಿಕೆ ಬಂದು ನಾನ ಹೊಡ್ಕೊಂಡು ಬಂದೆ!"