ಮಗ್ಗ ನಿಂತಾಗ ಆಡಿದ ಮಾತು

ಆರೋಗ್ಯ ವಿಮೆ ಮಾಡಿಸುವ ಕಸುಬಿಗೆ ಇಳಿದ ಮೇಲೆ, ನಗಬೇಕೋ ಹೆದರಬೇಕೋ ತಿಳಿಯದಂಥದ್ದು ಏನಾದರೊಂದು ನನಗೆ ಆಗುತ್ತಲೇ ಇರುತ್ತದೆ. ಬೇರೆ ಏಜೆಂಟರನ್ನು ಕೇಳಿದೆ. "ನಮಗೇನೂ ಹಂಗಾಗಲ್ಲಪ್ಪ, ನಿನ್ನ ಮುಖದಲ್ಲೇ ಏನೋ ಇದೆ" ಅಂದರು. ಇರಬಹುದು. ಅಂಥವುಗಳಲ್ಲಿ ದೊಡ್ಡಬಳ್ಳಾಪುರದ ನಮ್ಮಕ್ಕನ ಮನೆಯಲ್ಲಿ ಆದದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಅಕ್ಕ ಒಂದು ದಿನ ಫೋನ್ ಮಾಡಿ ಪಿಸುಗುಟ್ಟಿದಳು. "ನಿಮ್ಮ ಭಾವ ಮೆಟ್ಲು ಹತ್ತಿದ್ರೆ ಎದೆ ಉಜ್ಕೊಳ್ತಾರೆ ಕಣೋ. ಡಾಕ್ಟ್ರು ಅಂದ್ರೆ ಎದ್ದು ಹೋಗ್ತಾರೆ. ನೀನು ಪಾಲಿಸಿ ಅಂತ ಬಾ. ಟೆಸ್ಟ್ ಕಡ್ಡಾಯ ಅಂತ ಹೇಳು. ಆ ನೆಪದಲ್ಲಾದ್ರೂ ತೋರಿಸ್ಬಿಡೋಣ."

"ಯಾಕೆ ಪಿಸುಗುಡ್ತೀಯಾ?"

"ನಮ್ಮತ್ತೆ ಇದಾರೆ. ಈ ಮನೇಲಿ ಕಾಯಿಲೆ ಅನ್ನೋ ಮಾತೇ ಎತ್ತೋ ಹಂಗಿಲ್ಲ."

ಭಾವ ಎಂದರೆ ನನಗೆ ಪ್ರಾಣ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವರು ಅವರೇ. ಮಾರನೇ ದಿನವೇ ಹೊರಟೆ.

ಐದನೆಯವರು

ಭಾವನದು ಸೀರೆ ನೇಯುವ ನಾಲ್ಕು ಕರೆಂಟ್ ಮಗ್ಗದ ಮನೆ. ಮುಂದಿನ ಹಾಲಿನಲ್ಲಿ ಮಗ್ಗ, ಹಿಂದೆ ಸಂಸಾರ. ಅಕ್ಕನ ಅತ್ತೆ ನಡುಬಾಗಿಲಲ್ಲಿ ಕೂತು ಎರಡೂ ಕಡೆ ಕಣ್ಣಿಟ್ಟಿದ್ದರು. ನಾನೂ ಅವರನ್ನು ಅತ್ತೆ ಎಂದೇ ಕರೆಯುವುದು.

ಕಾಯಿಲೆಯ ಮಾತು ಎತ್ತದೆ ಆರೋಗ್ಯ ವಿಮೆಯ ಬಗ್ಗೆ ಹೇಳುವುದು ಸುಲಭವಲ್ಲ. ಇಡೀ ಸಂಸಾರಕ್ಕೆ ಒಂದೇ ಪಾಲಿಸಿ ಬರುತ್ತದೆ, ಯಾರಿಗೆ "ಏನೇ ಆದರೂ" ಕಂಪನಿ ನೋಡಿಕೊಳ್ಳುತ್ತದೆ ಎಂದು ಹೇಗೋ ಒಪ್ಪಿಸಿ, "ಮನೇಲಿ ಎಷ್ಟು ಜನ ಅಂತ ಬರ್ಕೊಳ್ಳಲಿ ಅತ್ತೆ?" ಎಂದೆ.

"ಐದು."

ನಾನು ಎಣಿಸಿದೆ. ಭಾವ, ಅಕ್ಕ, ಕಾಲೇಜಿಗೆ ಹೋಗುವ ಮಗಳು, ಅತ್ತೆ. "ನಾಲ್ಕಲ್ವಾ?"

"ನಿಮ್ಮ ಮಾವನೋರು?"

ಮಾವನವರು ತೀರಿಕೊಂಡು ಬಹಳ ವರ್ಷವಾಗಿದೆ. ನಾನು ಅಕ್ಕನ ಮುಖ ನೋಡಿದೆ. ಅವಳು ತಲೆ ತಗ್ಗಿಸಿ ಊಟಕ್ಕೆ ಎಲೆ ಹಾಕುತ್ತಿದ್ದಳು. ನನ್ನದು ಬಿಟ್ಟು ಐದು ಎಲೆ. ಕಂಬದ ಪಕ್ಕದ ಎಲೆಗೂ ಮುದ್ದೆ, ಸಾರು ಬಡಿಸಿದಳು. ಆ ಎಲೆಯ ಮುಂದೆ ಯಾರೂ ಇರಲಿಲ್ಲ. ಆದರೆ ಅತ್ತೆ ಅತ್ತ ತಿರುಗಿ, "ಬಿಸಿ ಇದೆ, ನಿಧಾನ" ಎಂದರು.

"ಹೋದೋರಿಗೆ ಪಾಲಿಸಿ ಬರಲ್ಲ ಅತ್ತೆ" ಎಂದೆ, ಆದಷ್ಟು ಮೆತ್ತಗೆ.

"ಯಾಕ್ ಬರಲ್ಲ? ವಯಸ್ಸು ಏರಿದಂಗೆ ಕಂತು ಏರುತ್ತೆ ಅಂದ್ಯಲ್ಲ. ಅವರಿಗೆ ಅರವತ್ತೆರಡು ದಾಟೋದೇ ಇಲ್ಲ. ನಿಮ್ಮ ಕಂಪನಿಗೇ ಲಾಭ ಕಣೋ!"

ಪೂರ್ತಿ ಕೇಳುವ ಡಾಕ್ಟರು

ಪಾಲಿಸಿ ಹಾಗೇ ನಿಂತಿತು. ಸರಿ, ಮೊದಲು ಒಳ್ಳೆ ಡಾಕ್ಟರನ್ನಾದರೂ ಹುಡುಕೋಣ ಅಂದುಕೊಂಡೆ. ಊರಲ್ಲಿ ವಿಚಾರಿಸಿದರೆ ನಾಲ್ಕೈದು ಜನ ಒಂದೇ ಮಾತು ಹೇಳಿದರು: ಮಾಕಳಿದುರ್ಗದ ಕಡೆ ಒಬ್ಬರಿದ್ದಾರೆ, ಕೈಗುಣ ಅಂದರೆ ಅವರದು. ಭಾವನನ್ನು ಕರೆದೊಯ್ಯುವ ಮೊದಲು ನಾನೇ ಒಮ್ಮೆ ನೋಡಿ ಬರಲು ಹೋದೆ.

ಹಳೇ ಹೆಂಚಿನ ಮನೆ. ಜಗಲಿಯ ಮೇಲೆ ಹದಿನೈದು ಇಪ್ಪತ್ತು ಜನ ಕೂತಿದ್ದರು. ಯಾರೂ ಕೆಮ್ಮುತ್ತಿಲ್ಲ, ಮೊಬೈಲು ನೋಡುತ್ತಿಲ್ಲ. ಕಾಂಪೌಂಡರ್ ಬಾಗಿಲು ತೆರೆದು ಒಬ್ಬರನ್ನು ಒಳಗೆ ಬಿಡುತ್ತಾನೆ. ಸ್ವಲ್ಪ ಹೊತ್ತಿಗೆ ಅವರು ಕಣ್ಣೊರೆಸಿಕೊಂಡು ಹೊರಗೆ ಬರುತ್ತಾರೆ. ಕೈಯಲ್ಲಿ ಮಾತ್ರೆಯಿಲ್ಲ, ಚೀಟಿಯಿಲ್ಲ. ಒಳಗಿನಿಂದ ರೋಗಿಯ ದನಿ ಕೇಳುತ್ತದೆ, ಡಾಕ್ಟರ ದನಿ ಕೇಳುವುದೇ ಇಲ್ಲ.

ನನ್ನ ಸರದಿ ಬಂತು. ಒಳಗೆ ಮೇಜು, ಕುರ್ಚಿ, ಮೇಜಿನ ಮೇಲೆ ಸ್ಟೆತಾಸ್ಕೋಪು. ಕುರ್ಚಿಯ ಮೇಲೆ ಹಾರ ಹಾಕಿದ ಫೋಟೋ.

ಹೊರಗೆ ಬಂದಾಗ ಪಕ್ಕದಲ್ಲಿದ್ದ ಅಜ್ಜಿಯ ಭುಜ ಹಿಡಿದುಕೊಂಡೆ. "ಅಜ್ಜಿ, ಡಾಕ್ಟ್ರು ಹೋಗ್ಬಿಟ್ಟಿದಾರೆ!"

"ಗೊತ್ತಪ್ಪ. ಮಣ್ಣಿಗೆ ನಾವೇ ಹೋಗಿದ್ವಲ್ಲ."

"ಮತ್ತೆ ಬರ್ತೀರಲ್ಲ?"

"ಇದ್ದಾಗ ಎರಡು ಮಾತು ಆಡೋಷ್ಟ್ರಲ್ಲಿ ಮುಂದಿನೋರು ಬನ್ನಿ ಅಂತಿದ್ರು. ಈಗ ನೋಡು, ಪೂರ್ತಿ ಕೇಳ್ತಾರೆ."

ದೇವಿ ಕೊಟ್ಟ ಹೂವು

ಇಷ್ಟರಲ್ಲಿ ಅತ್ತೆಗೆ ನಮ್ಮ ಸಂಚಿನ ವಾಸನೆ ಹತ್ತಿತು. "ಡಾಕ್ಟ್ರು ಬೇಕೋ ಬೇಡ್ವೋ ದೇವೀನೇ ಹೇಳ್ಲಿ" ಎಂದು ಎಲ್ಲರನ್ನೂ ಊರ ದೇವಿಯ ಗುಡಿಗೆ ಹೊರಡಿಸಿದರು. ಅಲ್ಲಿ ಹೂ ಕೇಳುವ ಪದ್ಧತಿ. ವಿಗ್ರಹಕ್ಕೆ ಒದ್ದೆ ಹೂ ಅಂಟಿಸಿ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ.

ಪೂಜಾರಿ ಕೇಳಿದರು: "ಇದೇ ಊರಿನ ಡಾಕ್ಟರಿಗೆ ತೋರಿಸಬಹುದಾ ತಾಯೀ?" ಹೂ ಅಲ್ಲಾಡಲಿಲ್ಲ. "ಬೆಂಗಳೂರಿಗೆ ಹೋಗಬೇಕಾ?" ಊಹೂಂ. "ಯಾರಿಗೂ ತೋರಿಸೋದು ಬೇಡ್ವಾ?" ಅದಕ್ಕೂ ಇಲ್ಲ. ಭಾವನ ಮುಖ ಅರಳಿತು. "ನೋಡಿದ್ರಾ, ದೇವಿಗೂ ಈ ವಿಷ್ಯ ಬೇಡವಂತೆ" ಎಂದು ತೀರ್ಥ ತಗೊಳ್ಳಲು ಬಗ್ಗಿದರು.

ಗಾಳಿಯಿರಲಿಲ್ಲ. ಫ್ಯಾನೂ ಇರಲಿಲ್ಲ. ವಿಗ್ರಹದ ಮೇಲಿದ್ದ ಹೂ ಬಲಕ್ಕೂ ಹೋಗದೆ ಎಡಕ್ಕೂ ಹೋಗದೆ ನೇರ ಮುಂದಕ್ಕೆ ಬಂದು ಭಾವನ ಅಂಗಿಯ ಎಡಜೇಬಿಗೆ, ಎದೆಯ ಮೇಲಕ್ಕೇ ಬಿತ್ತು.

ಪೂಜಾರಿ ಒಂದು ಹೆಜ್ಜೆ ಹಿಂದೆ ಸರಿದರು. ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ನನಗಂತೂ ಮೈಯೆಲ್ಲ ಮುಳ್ಳೆದ್ದಿತ್ತು. ಇದಕ್ಕಿಂತ ಸ್ಪಷ್ಟವಾಗಿ ದೇವಿ ಇನ್ನು ಹೇಗೆ ಹೇಳಬೇಕು?

ಅತ್ತೆ ಎರಡೂ ಕೈ ಎತ್ತಿ ಮುಗಿದರು. "ಜೇಬಿಗೇ ಕೊಟ್ಲು ತಾಯಿ! ಈ ಸಲ ಸೀರೆಗೆ ಒಳ್ಳೇ ರೇಟು!"

ಅಸ್ತು

ಕೊನೆಗೆ ನನಗೆ ತಾಳ್ಮೆ ಕೆಟ್ಟಿತು. "ಅತ್ತೆ, ಒಂದೇ ಒಂದು ಸಲ ಎಲ್ಲಾ ಬಿಡಿಸಿ ಹೇಳಕ್ಕೆ ಬಿಡಿ. ಆಮೇಲೆ ನಿಮ್ಮಿಷ್ಟ" ಎಂದೆ.

ಅತ್ತೆ ಯೋಚಿಸಿದರು. ಅವರ ಹೆದರಿಕೆ ಏನೆಂಬುದು ಆಗ ಗೊತ್ತಾಯಿತು. ಮನೆಯ ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಕೆಟ್ಟ ಮಾತು ಕಿವಿಗೆ ಬಿದ್ದರೆ "ಅಸ್ತು" ಅಂದುಬಿಡುತ್ತಾರೆ, ಅಂದರೆ ಹಾಗೇ ಆಗಲಿ ಎಂದು. "ಆದ್ರೆ ನಾಲ್ಕೂ ಮಗ್ಗ ಓಡ್ತಿರೋವಾಗ ಹೇಳು" ಎಂದರು. "ಆ ಸದ್ದಲ್ಲಿ ಅವರಿಗೆ ಏನೂ ಕೇಳಿಸಲ್ಲ."

ಹಾಗೆ ನಾನು ನಾಲ್ಕು ಮಗ್ಗದ ನಡುವೆ ನಿಂತು ಕಿರುಚತೊಡಗಿದೆ. ಆಪರೇಷನ್ನು, ಐಸಿಯು, ಕಾಯುವ ಅವಧಿ, ರೂಮು ಬಾಡಿಗೆಯ ಮಿತಿ, ಎಲ್ಲ. ಭಾವ ಲಾಳಿ ಬದಲಿಸುತ್ತಾ ನಗುತ್ತಿದ್ದರು. ಹಾಗೆ ನಗುತ್ತಲೇ ಎಡಗೈಯಿಂದ ಎದೆ ಉಜ್ಜಿಕೊಂಡರು. ಅದನ್ನು ಕಂಡು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಉಸಿರೆಲ್ಲ ಒಟ್ಟುಮಾಡಿ ಕೂಗಿದೆ: "ಹಿಂಗೇ ಇದ್ರೆ ಒಂದಿನ ಎದೆ ಹಿಡ್ಕೊಂಡು ಇಲ್ಲೇ ಸತ್ತೋಗ್ತೀರಾ ಭಾವ!"

ಅರ್ಧ ಮಾತಿನಲ್ಲಿ ಕರೆಂಟು ಹೋಯಿತು.

ನಾಲ್ಕೂ ಮಗ್ಗ ಒಟ್ಟಿಗೆ ನಿಂತವು. ಬೀದಿಯ ಅಷ್ಟೂ ಮಗ್ಗ ನಿಂತವು. "ಇಲ್ಲೇ ಸತ್ತೋಗ್ತೀರಾ ಭಾವ" ಎಂಬುದಷ್ಟೇ ಹಾಲಿನ ತುಂಬ ಕೇಳಿಸಿತು. ತೊಲೆಯ ಮೇಲೆ ಹಲ್ಲಿ ಲೊಚಗುಟ್ಟಿತು.

ಅತ್ತೆ ಎದ್ದು ನಿಂತರು. ಚಾವಣಿಯ ಕಡೆ ಮುಖ ಎತ್ತಿ, ನನ್ನ ಕಡೆ ಬೆರಳು ತೋರಿಸಿ ಕೂಗಿದರು: "ನನ್ನ ಮಗನಿಗಲ್ಲ ಕಣ್ರಪ್ಪೋ! ಆ ಮಾತು ಆಡಿದೋನು ಇಗೋ ಇವನು! ಇವನಿಗೇ ಆಗ್ಲಿ!"

ಹಲ್ಲಿ ಮತ್ತೆ ಲೊಚಗುಟ್ಟಿತು.

ನಾನು ಓದಿದವನು. ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ನನ್ನ ಎದೆ ಹಿಡಿದುಕೊಂಡಿತು, ಅಂಗಿ ಒದ್ದೆಯಾಯಿತು, ಮಗ್ಗದ ಪಕ್ಕದಲ್ಲೇ ಕುಸಿದು ಕೂತೆ. ಭಾವ ಗಾಬರಿಯಾದರು. ತನಗೆ ಡಾಕ್ಟರು ಬೇಡ ಎಂದು ಹಟ ಹಿಡಿದ ಮನುಷ್ಯ, ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ನೇರ ಹೃದಯದ ಡಾಕ್ಟರ ಹತ್ತಿರ ಹಾರಿಸಿಕೊಂಡು ಹೋದರು. ನನ್ನನ್ನು ತಬ್ಬಿ ಹಿಡಿದು ಮಹಡಿಯ ಮೆಟ್ಟಿಲನ್ನೂ ಹತ್ತಿಸಿದರು.

ಡಾಕ್ಟರಮ್ಮ ನನಗೆ ಇಸಿಜಿ ಮಾಡಿದರು. "ನಿಮಗೇನೂ ಆಗಿಲ್ಲ, ಹೆದರಿದ್ದೀರಾ ಅಷ್ಟೆ" ಎಂದರು. ಆಮೇಲೆ ನನ್ನ ಹಿಂದೆ ಗೋಡೆಗೊರಗಿ ಬೆವರುತ್ತಿದ್ದವರನ್ನು ನೋಡಿದರು. "ಇವರು ಯಾರು? ಬೇಗ ಮಲಗಿಸಿ."

ರಕ್ತನಾಳ ಪೂರ್ತಿ ಕಟ್ಟಿಕೊಳ್ಳುವುದರಲ್ಲಿತ್ತು. ಅವತ್ತೇ ಸ್ಟೆಂಟ್ ಹಾಕಿದರು. ಒಂದು ದಿನ ತಡವಾಗಿದ್ದರೆ ನಾನು ಕೂಗಿದ್ದೇ ಆಗುತ್ತಿತ್ತಂತೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟೆ. ಪಾಲಿಸಿ ಆಗಿರಲಿಲ್ಲ, ಖರ್ಚೆಲ್ಲ ಭಾವನ ಮನೆಯವರೇ ಹೊತ್ತರು. ಅದರಲ್ಲಿ ನಗುವಂಥದ್ದು ಏನೂ ಇಲ್ಲ.

ಭಾವ ಚೇತರಿಸಿಕೊಂಡ ಮೇಲೆ ಅತ್ತೆ ನನ್ನನ್ನು ಕರೆಸಿ ಹೋಳಿಗೆ ಬಡಿಸಿದರು. ತಿಂದು ಮುಗಿಸಿ, ನಾಚಿಕೆ ಬಿಟ್ಟು ಕೇಳಿದೆ. "ಅತ್ತೆ, ಅವತ್ತು ನನ್ನ ಮೇಲೆ ಹಾಕಿದ್ರಲ್ಲ... ಅದನ್ನ ವಾಪಸ್ ತಗೊಂಡ್ಬಿಡಿ."

"ಅಯ್ಯೋ ತಗೊಳ್ತೀನಪ್ಪ. ಆದ್ರೆ ಮಗ್ಗ ನಿಂತಾಗ ಹೇಳ್ಬೇಕು. ಆಗ್ಲೇ ಅವರಿಗೆ ಕೇಳ್ಸೋದು."

"ಈಗ್ಲೇ ಸ್ವಿಚ್ ಆಫ್ ಮಾಡ್ತೀನಿ."

"ನಾವಾಗಿ ನಿಲ್ಸಿದ್ರೆ ಆಗಲ್ಲ. ದೇವತೆಗಳಿಗೆ ಮೋಸ ಮಾಡಕ್ಕಾಗುತ್ತೇನೋ? ಅವತ್ತಿನಂಗೆ ಕರೆಂಟು ತಾನಾಗೇ ಹೋಗ್ಬೇಕು. ಹೋದ ತಕ್ಷಣ ಹೇಳ್ಬಿಡ್ತೀನಿ, ನೀನು ಧೈರ್ಯವಾಗಿರು."

ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿದ್ದ ಬೀದಿ ಅದು. ಅವತ್ತಿನಿಂದ ಇವತ್ತಿನವರೆಗೆ ಒಂದು ಸಲವೂ ಹೋಗಿಲ್ಲ. ನೇಕಾರರೆಲ್ಲ ಖುಷಿಯಾಗಿದ್ದಾರೆ. ನಾನು ಮಾತ್ರ ಸೊರಗಿದ್ದೇನೆ. ಕೊನೆಗೆ ಲೈನ್‌ಮ್ಯಾನನ್ನು ಹಿಡಿದು, "ಗುರು, ಒಂದೇ ನಿಮಿಷ ಆ ಬೀದಿ ಕರೆಂಟು ತೆಗಿ" ಎಂದು ಕೈ ಮುಗಿದೆ.

ಅವನು ಸುತ್ತಮುತ್ತ ನೋಡಿ ದನಿ ತಗ್ಗಿಸಿದ. "ಹೋದ ವಾರ ರಿಪೇರಿಗೆ ಅಂತ ಇಡೀ ಊರಿಂದೇ ತೆಗೆದಿದ್ವಿ ಸಾರ್. ಆ ಬೀದೀಲಿ ಮಾತ್ರ ಮಗ್ಗ ಓಡ್ತಾನೇ ಇತ್ತು."